ನಾಲ್ಕರ ಪಕ್ಕದ ಕಲೆ

ಊರಿನವರೆಲ್ಲ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ನನಗೆ ಸಂಬಳ ಸಿಗುತ್ತಿತ್ತು. ಇನ್ನೊಬ್ಬರ ಕೆಲಸದಲ್ಲಿ ಹುಳುಕು ಹುಡುಕುವುದು. ತೊಂಬತ್ತರ ದಶಕದಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೆಳಿಗ್ಗೆಯಿಂದ ಸಂಜೆಯವರೆಗೆ ಟ್ಯೂಬ್‌ಲೈಟಿನ ಕೆಳಗೆ ಕೂತು, ಫಳಫಳ ಹೊಳೆಯುವ ಉಕ್ಕಿನ ಬಿಡಿಭಾಗಗಳನ್ನು ಹೊರಳಿಸಿ ನೋಡಿ, ಎಲ್ಲಾದರೂ ಸಾಸಿವೆಯಷ್ಟು ಕಲೆ ಕಂಡರೆ ಕೆಂಪು ಚೀಟಿ ಕಟ್ಟಿ ಮೂಲೆಗೆ ತಳ್ಳುವುದು. ಮಷಿನ್ ಮೇಲೆ ದುಡಿಯುವವರು ನಾನು ಬರುವುದನ್ನು ಕಂಡರೆ ಟೀ ಕುಡಿಯಲು ಹೊರಟುಬಿಡುತ್ತಿದ್ದರು. ಹೀಗೆ ವಾರವಿಡೀ ಕಲೆಗಳನ್ನು ಬೈದ ಮನುಷ್ಯ ಭಾನುವಾರ ಬಂದರೆ ಕಲೆ ಬಿದ್ದ ಹಳೆಯ ವಾಚುಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದ ಎಂದರೆ ನೀವು ನಂಬುತ್ತೀರೋ ಇಲ್ಲವೋ. ನನ್ನ ಹೆಂಡತಿ ಗಿರಿಜಾ ನಂಬುವುದರ ಜೊತೆಗೆ ಅನುಭವಿಸಿಯೂ ಇದ್ದಾಳೆ.

ಅದರಲ್ಲೂ ಎಲ್ಲ ವಾಚುಗಳಲ್ಲ. ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರು ಕಟ್ಟುತ್ತಾರಲ್ಲ, ದಪ್ಪ ಗಾಜು, ಸುತ್ತಲೂ ತಿರುಗುವ ಬಳೆ, ಕತ್ತಲಲ್ಲಿ ಹೊಳೆಯುವ ಚುಕ್ಕೆಗಳಿರುವ ಡೈವರ್ ವಾಚು, ಅವು ಮಾತ್ರ. ನನಗೆ ಈಜು ಬರುವುದಿಲ್ಲ. ಹುಟ್ಟಿದ್ದು ದಾವಣಗೆರೆಯಲ್ಲಿ, ವಾಸ ಲಗ್ಗೆರೆಯಲ್ಲಿ. ನಾನು ಕಂಡ ಅತಿ ಆಳವಾದ ನೀರೆಂದರೆ ನಮ್ಮ ಬಾಡಿಗೆ ಮನೆಯ ಸಂಪು, ಅದರಲ್ಲೂ ನೀರಿರುತ್ತಿದ್ದುದು ವಾರಕ್ಕೆ ಎರಡು ದಿನ. ಇನ್ನೂರು ಮೀಟರ್ ಆಳಕ್ಕೆ ಇಳಿಯಬಲ್ಲ ವಾಚನ್ನು ನಾನು ಬಿಚ್ಚಿ ಗೂಡಿನಲ್ಲಿಟ್ಟು ಆಮೇಲೆ ಕೈ ತೊಳೆಯುತ್ತಿದ್ದೆ. "ಸಮುದ್ರಕ್ಕೆ ಇಳಿಯೋ ವಾಚು ನಲ್ಲಿ ಕಂಡ್ರೆ ಹೆದರುತ್ತಾ?" ಎಂದು ಗಿರಿಜಾ ಕೇಳುವಳು. ಹಳೆಯದಲ್ಲವೆ, ಒಳಗಿನ ವಾಷರ್ ಒಣಗಿರುತ್ತದೆ, ಒಂದು ಹನಿ ಹೋದರೂ ಕತೆ ಮುಗಿಯಿತು ಎಂದು ನಾನು ವಿವರಿಸುವಷ್ಟರಲ್ಲಿ ಅವಳು ಸಾರು ಬಡಿಸಿ ಒಳಗೆ ಹೋಗಿರುತ್ತಿದ್ದಳು.

ನನ್ನನ್ನು ಮರುಳು ಮಾಡಿದ್ದು ಆ ವಾಚುಗಳ ಡಯಲ್. ಹೊಸದರಲ್ಲಿ ಎಲ್ಲವೂ ಒಂದೇ ಕಪ್ಪು. ಇಪ್ಪತ್ತು ಮೂವತ್ತು ವರ್ಷ ಬಿಸಿಲು ಕಂಡ ಮೇಲೆ ಒಂದು ಕಾಫಿಪುಡಿಯ ಬಣ್ಣಕ್ಕೆ ತಿರುಗಿರುತ್ತದೆ, ಇನ್ನೊಂದು ಹುಣಸೆಹಣ್ಣಿನ ಬಣ್ಣಕ್ಕೆ. ಬಿಳಿಯ ಚುಕ್ಕೆಗಳು ತುಪ್ಪದ ಹಾಗೆ ಹಳದಿಯಾಗಿರುತ್ತವೆ. ಸಾವಿರ ಬಿಡಿಭಾಗಗಳೂ ಒಂದೇ ಥರ ಇರಬೇಕೆಂದು ಹಟ ಹಿಡಿಯುವವನಿಗೆ, ಇನ್ನೊಂದರ ಹಾಗಿಲ್ಲದ ಒಂದು ವಸ್ತು ಅಂಗೈಯಲ್ಲಿ ಕೂತಾಗ ಆಗುವ ಸುಖವನ್ನು ಹೇಳಿ ತಿಳಿಸುವುದು ಕಷ್ಟ. ಭಾನುವಾರ ಬೆಳಿಗ್ಗೆ ತಲೆಗೆ ಬಣ್ಣ ಹಚ್ಚಿಕೊಂಡು, ಅದು ಒಣಗುವವರೆಗೆ ತಾರಸಿಯ ಮೇಲೆ ವಾಚುಗಳನ್ನು ಹರಡಿಕೊಂಡು ಕೂರುತ್ತಿದ್ದೆ.

ನನ್ನ ನಾಲ್ಕು ವಾಚುಗಳಲ್ಲಿ ಅತಿ ಚೆಲುವಾದದ್ದನ್ನು ಕೊಟ್ಟವರು ನಾರ್ಮನ್ ಸಾಹೇಬರು. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಮನೆತನದವರು. ಹರೆಯದಲ್ಲಿ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು, ಆಮೇಲೆ ನಮ್ಮ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಕೊರಳಿನ ಹಾರ ತೆಗೆದಿಟ್ಟು, ಯಾವಾಗಲೋ ನಿಂತುಹೋಗಿದ್ದ ಆ ವಾಚನ್ನು ಜೇಬಿನಿಂದ ತೆಗೆದು ನನ್ನ ಕೈಗಿತ್ತರು. "ನೀನು ಇಟ್ಕೋ ಮ್ಯಾನ್. ನಿನಗೆ ಇಂಥದ್ದು ಹುಚ್ಚಲ್ವಾ. ಓಡೋ ಹಾಗೆ ಮಾಡಿದ್ರೆ ಒಂದ್ಸಲ ತಂದು ತೋರ್ಸು." ಡಯಲನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಕಪ್ಪು, ನಡುವಿಗೆ ಬರುತ್ತಾ ಕಂದು, ನಾಲ್ಕರ ಪಕ್ಕ ಎಳ್ಳಿನಷ್ಟು ಒಂದು ಕಲೆ. ತಂದು ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ಅದನ್ನು ಓಡಿಸಬಲ್ಲವರು ಒಬ್ಬರೇ, ಲಗ್ಗೆರೆ ಬಸ್‌ಸ್ಟಾಪಿನ ಪಕ್ಕ ವಾಚು ರಿಪೇರಿಯ ಗಾಜಿನ ಪೆಟ್ಟಿಗೆ ಇಟ್ಟುಕೊಂಡಿದ್ದ ಮುನಿಯಪ್ಪ. ಅವರ ಹಿರಿಯರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಕಾರ್ಖಾನೆ ನಿಂತಿತ್ತು. ಒಳ್ಳೆಯ ಕೆಲಸಗಾರರು. ಆದರೆ ಕ್ಯಾಂಟೀನಿನಲ್ಲಿ ಯಾರೋ ನನ್ನ ತಲೆಗೆ ಹುಳ ಬಿಟ್ಟಿದ್ದರು: ರಿಪೇರಿಯವರು ಒಳ್ಳೆಯ ಡಯಲ್ ತೆಗೆದುಕೊಂಡು ಬೇರೆಯದನ್ನು ಕೂರಿಸಿಬಿಡುತ್ತಾರಂತೆ. ನನ್ನ ಬುದ್ಧಿ ಕೇಳಬೇಕೆ? ಆಮೇಲೆ ತಕರಾರಾದರೆ ಗುರುತಿಗಿರಲಿ ಎಂದು ಕಾರ್ಖಾನೆಯ ತಪಾಸಣೆ ಹಾಳೆಯಲ್ಲೇ ಸಾಲು ಸಾಲಾಗಿ ಬರೆದೆ. ಕಪ್ಪು ಹೋಗಿ ಕಂದಾಗಿದೆ. ನಾಲ್ಕರ ಪಕ್ಕ ಕಲೆ. ಚುಕ್ಕೆಗಳು ಹಳದಿ. ಅಂಚಿನಲ್ಲಿ ಬಣ್ಣ ಎದ್ದಿದೆ. ಕೆಳಗೆ ಮುನಿಯಪ್ಪನವರ ಸಹಿ ಹಾಕಿಸಿ, ಒಂದು ಪ್ರತಿ ಅವರಿಗೆ ಕೊಟ್ಟು ಒಂದನ್ನು ನಾನಿಟ್ಟುಕೊಂಡೆ.

"ಸೈನ್ ಯಾಕೆ ಸಾ?" ಎಂದರು ಅವರು.

"ಸುಮ್ನೆ, ನಮ್ಮ ಫ್ಯಾಕ್ಟ್ರಿ ಅಭ್ಯಾಸ," ಎಂದೆ. ನಿಜ ಹೇಳಲು ನಾಚಿಕೆಯಾಯಿತು.

ಮೂರು ವಾರ ಬಿಟ್ಟು ಹೋದಾಗ ಮುನಿಯಪ್ಪ ಮೊದಲು ನನ್ನ ಕೈಗಿತ್ತದ್ದು ಆ ಹಾಳೆಯನ್ನು. ಪ್ರತಿ ಸಾಲಿನ ಮುಂದೆಯೂ ಒಂದು ಟಿಕ್ ಹಾಕಿದ್ದರು. ಆಮೇಲೆ ವಾಚು ಕೊಟ್ಟರು. ಓಡುತ್ತಿತ್ತು. ಡಯಲ್ ಮಾತ್ರ ಕಾಡಿಗೆಯಷ್ಟು ಕಪ್ಪು, ಚುಕ್ಕೆಗಳು ಸುಣ್ಣದಷ್ಟು ಬಿಳಿ, ನಾಲ್ಕರ ಪಕ್ಕ ಏನೂ ಇಲ್ಲ.

"ಮಿಷಿನ್ ಒಂದೇ ದಿನದ ಕೆಲ್ಸ ಸಾ, ಬಣ್ಣಕ್ಕೇ ಟೈಮಾಗಿದ್ದು. ಚಿಕ್ಕಪೇಟೆ ಪೇಂಟರ್ ತಾವ ಮೂರು ಕಿತ ಅಲೆದೆ. ಮೊದಲ್ನೇ ಕಿತ ಆ ಕಲೆ ಒಸಿ ಕಾಣ್ತಿತ್ತು, ವಾಪಸ್ ಕೊಟ್ಟು ಇನ್ನೊಂದು ಕಿತ ಬಳಿಸ್ದೆ. ನೀವು ಅಷ್ಟು ಕರೆಕ್ಟಾಗಿ ಬರ್ಕೊಟ್ಟಿದ್ರಲ್ಲ, ಅಂಗೇ ಬಿಡಾಕಾಯ್ತದಾ? ಒಂದೂ ಬಿಟ್ಟಿಲ್ಲ ಸಾ, ನೋಡ್ಕಳಿ."

ನನ್ನ ಸರ್ವೀಸಿನಲ್ಲಿ ಅಷ್ಟು ನಿರ್ದೋಷವಾದ ಕೆಲಸವನ್ನು ನಾನು ಕಂಡಿರಲಿಲ್ಲ. ಅಳು ಬಂತು. ಇದು ಬೇಡವಾಗಿತ್ತು ಎನ್ನಬೇಕಾದರೆ ಆ ಪಟ್ಟಿಯನ್ನು ಯಾಕೆ ಬರೆದೆ ಎಂದು ಹೇಳಬೇಕು. ಹೇಳಿದರೆ, ನಿಮ್ಮನ್ನು ಕಳ್ಳ ಅಂದುಕೊಂಡಿದ್ದೆ ಎಂದು ಆ ಮನುಷ್ಯನ ಮುಖದ ಮೇಲೇ ಅಂದ ಹಾಗಾಗುತ್ತದೆ. "ಚೆನ್ನಾಗಿದೆ ಮುನಿಯಪ್ಪನವರೇ," ಎಂದೆ.

"ಪಾಸಾ ಸಾ?"

ಪಾಸು ಎಂದೆ. ಆ ರಾತ್ರಿ ಊಟ ಸೇರಲಿಲ್ಲ. ಮೂವತ್ತು ವರ್ಷದ ಬಣ್ಣ ಕಣೇ, ಏನು ಕೊಟ್ಟರೂ ವಾಪಸು ಬರುವುದಿಲ್ಲ, ವಯಸ್ಸಾದ ಮುಖಕ್ಕೆ ಬಣ್ಣ ಬಳಿಯಬಾರದು ಎಂದು ಗಿರಿಜಾಳ ಮುಂದೆ ಗೋಳು ಹೇಳಿಕೊಂಡೆ.

ಇನ್ನು ಉಳಿದದ್ದು ನಾರ್ಮನ್ ಸಾಹೇಬರಿಗೆ ಕೊಟ್ಟ ಮಾತು. ಮೂರು ಭಾನುವಾರ ಏನೂ ಮಾಡಲು ತೋಚದೆ ಮಂಕಾಗಿ ಕೂತೆ. ನಾಲ್ಕನೆಯ ಭಾನುವಾರ, ಸಾಕ್ಷಿಗಿರಲಿ ಎಂದು ಟಿಕ್ ಹಾಕಿದ ಹಾಳೆಯನ್ನೂ ಜೇಬಿನಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ವೈಟ್‌ಫೀಲ್ಡಿಗೆ ಹೋದೆ. ಅವರು ಸಮುದ್ರದ ಮೇಲೆ ಕಂಡ ಬಿಸಿಲನ್ನೆಲ್ಲ ಒರೆಸಿಹಾಕಿದ್ದೇನೆ, ಏನೆಂದಾರು ಎಂದು ದಾರಿಯುದ್ದಕ್ಕೂ ಅಂಜಿಕೆ. ಅವರು ಕನ್ನಡಕ ಹಾಕಿಕೊಂಡು ವಾಚನ್ನು ಬಹಳ ಹೊತ್ತು ನೋಡಿದರು. "ಏಡನ್ ಬಂದರಲ್ಲಿ ತಗೊಂಡ ದಿನ ಹೀಗೇ ಇತ್ತು ಮ್ಯಾನ್," ಎಂದರು ಮೆಲ್ಲಗೆ. "ಆ ಕೊಳಕು ಮುಖ ನೋಡಕ್ಕಾಗ್ದೆ ನಿನಗೆ ಕೊಟ್ಟಿದ್ದು." ಆಮೇಲೆ ಕೈಗೆ ಕಟ್ಟಿಕೊಂಡರು, ಕಿವಿಗೆ ಹಿಡಿದರು, ಕೈ ಚಾಚಿ ದೂರದಿಂದ ನೋಡಿದರು. ನನಗೆ ಕೇಕು ತಿನ್ನಿಸಿದರು, ಗೇಟಿನವರೆಗೆ ಬಂದರು, ವಾಚು ಬಿಚ್ಚಲೇ ಇಲ್ಲ. "ಇರಲಿ ಸಾರ್, ನಿಮ್ಮ ಕೈಯಲ್ಲೇ ಚೆಂದ," ಎಂದೆ. ಅವರ ಮುಖ ನೋಡಿ ಸಂತೋಷವಾದದ್ದೂ ನಿಜ, ಬಸ್ಸಿನಲ್ಲಿ ಉದ್ದಕ್ಕೂ ಹೊಟ್ಟೆ ಉರಿದದ್ದೂ ನಿಜ.

ಮುಂದಿನ ಭಾನುವಾರ ಬೆಳಿಗ್ಗೆ, ಅಂಗಿ ಒಗೆಯಲು ತೆಗೆದ ಗಿರಿಜಾ ಜೇಬಿನಲ್ಲಿದ್ದ ಹಾಳೆಯನ್ನು ಬಿಡಿಸಿಕೊಂಡು ತಾರಸಿಗೆ ಬಂದಳು. ನಾನು ಕನ್ನಡಿಯ ಮುಂದೆ ಕೂತಿದ್ದೆ. ಈ ದುಃಖದ ಗಡಿಬಿಡಿಯಲ್ಲಿ ತಿಂಗಳಿಂದ ತಲೆಯ ಕಡೆ ಗಮನವೇ ಕೊಟ್ಟಿರಲಿಲ್ಲ.

"ಕಪ್ಪು ಹೋಗಿ ಕಂದಾಗಿದೆ," ಎಂದು ಓದಿ ಅವಳು ನನ್ನ ನೆತ್ತಿ ನೋಡಿದಳು. "ಅಂಚಿನಲ್ಲಿ ಬಣ್ಣ ಎದ್ದಿದೆ." ಕಿವಿಯ ಪಕ್ಕ ನೋಡಿದಳು. "ಏನ್ರೀ, ವಯಸ್ಸಾದ ಮುಖಕ್ಕೆ ಬಣ್ಣ ಬಳಿಬಾರ್ದು ಅಂತ ಅವತ್ತು ಊಟ ಬಿಟ್ಟಿದ್ರಲ್ಲ?"

ನಾನು ಬಟ್ಟಲಿನಲ್ಲಿ ಬಣ್ಣ ಕಲಸುವುದನ್ನು ನಿಲ್ಲಿಸಲಿಲ್ಲ. ಕಲಸಿ ಮುಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅವಳ ಕಡೆ ಚಾಚಿದೆ. "ಹಿಂದ್ಗಡೆ ನನಗೆ ಕಾಣಲ್ಲ," ಎಂದೆ. "ಒಂದೂ ಬಿಡದ ಹಾಗೆ ನೀನೇ ಹಚ್ಚು."