ಅಕ್ರೋಟು ಸಿಪ್ಪೆಯ ಆಂಟಿ

ನಮ್ಮ ಪಕ್ಕದ ಮನೆಯ ಆಂಟಿಯನ್ನು ನೋಡಲು ಹೋಗುವುದಾದರೆ ದಯವಿಟ್ಟು ಬಿಳಿ ಬಟ್ಟೆ ಹಾಕಿಕೊಳ್ಳಬೇಡಿ. ಹಾಕಿಕೊಂಡು ಹೋದರೆ ನಾನು ಹೊಣೆಯಲ್ಲ. ಬಿಳಿ ಬಟ್ಟೆ ಕಂಡರೆ ಯಾರೋ ಅರ್ಧಕ್ಕೆ ಬಿಟ್ಟ ಕೆಲಸ ಕಂಡಂತಾಗುತ್ತದೆ ಅವರಿಗೆ!

ಆಂಟಿ ಮಂಗಳೂರು ಕಡೆಯ ಕ್ಯಾಥೊಲಿಕ್ಕರು, ನೈರೋಬಿಯ ಶಾಲೆಯೊಂದರಲ್ಲಿ ಕ್ರಾಫ್ಟ್ ಟೀಚರಾಗಿದ್ದು ನಿವೃತ್ತರಾದವರು. ಅಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ನಮ್ಮ ಕಾಂಪೌಂಡಿನ ಹಿಂದೆ, ಯಾವ ಕಾಲದಲ್ಲೋ ಯಾರೋ ಅಮೆರಿಕದವರು ನೆಟ್ಟುಹೋದ ಕಪ್ಪು ಅಕ್ರೋಟಿನ ಮರವೊಂದಿದೆ. ಅದರ ಹಸಿರು ಕಾಯಿಗಳು ಕಾರುಗಳ ಮೇಲೆ ದಬದಬ ಬೀಳುತ್ತವೆಂದು ಮರ ಕಡಿಸುವ ಅರ್ಜಿಗೆ ನಾವೆಲ್ಲ ಸಹಿ ಹಾಕಿದ್ದೆವು. ಓದಿ ಕೊಡುತ್ತೇನೆಂದು ಆಂಟಿ ಅದನ್ನು ಒಯ್ದರು. ವಾಪಸು ಬಂದಾಗ ಕಾಗದವೆಲ್ಲ ಫಿಲ್ಟರ್ ಕಾಫಿಯ ಬಣ್ಣ, ಒಬ್ಬರ ಸಹಿಯೂ ಕಾಣುತ್ತಿಲ್ಲ.

"ಪೇಪರಿಗೆ ಬಣ್ಣ ಹೇಗೆ ಕೂರ್ತದೆ ಅಂತ ನೋಡಿದ್ದು," ಎಂದರು ಆಂಟಿ. ಮರ ಉಳಿಯಿತು.

ಆ ಕಾಯಿಗಳ ಹೊರಸಿಪ್ಪೆ ಸುಲಿದು, ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಡಬ್ಬಿಗೆ ತುಂಬುವುದೇ ಅವರ ಉದ್ಯೋಗ. ನೀರಿಗೆ ಹಾಕಿ ಕುದಿಸಿದರೆ ನೂಲು, ಬುಟ್ಟಿಯ ನಾರು, ಮರ, ಕಾಗದ ಎಲ್ಲಕ್ಕೂ ಸೊಗಸಾದ ಕಂದು ಬಣ್ಣ. ಕೈಗೂ! ಗ್ಲೌಸ್ ಹಾಕಿದರೆ ಸಿಪ್ಪೆಯ ಹದ ತಿಳಿಯುವುದಿಲ್ಲವಂತೆ. ಹೀಗಾಗಿ ಅವರ ಕೈಗಳು ವರ್ಷವಿಡೀ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಕಂದು. ಒಂದು ಸಲ ಅಂಕಲ್ ಭಾನುವಾರ ಚರ್ಚಿಗೆ ಹಾಕಿಕೊಳ್ಳುವ ಶರ್ಟೂ ಅದೇ ಬಕೆಟ್ಟಿಗೆ ಬಿತ್ತು. ಅವರು ಅದನ್ನೇ ಹಾಕಿಕೊಂಡು ಹೊರಟರು. ಮದುವೆಯಾಗಿ ನಲವತ್ತು ವರ್ಷ ಕಳೆದವರು ಇನ್ನೇನು ಮಾಡಿಯಾರು?

ಇಂಥವರ ಮನೆಗೆ ನನ್ನ ಒಂಬತ್ತು ವರ್ಷದ ಮಗಳು ದಿನಾ ಹೋಗತೊಡಗಿದಳು. ಹೋದ ವರ್ಷದಿಂದ ಅವಳ ಕೈಗಳ ಮೇಲೆ ಬಿಳಿ ಮಚ್ಚೆಗಳು. ಅಪಾಯವಿಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಕ್ಲಾಸಿನ ಮಕ್ಕಳಿಗೆ ಯಾರು ಹೇಳಬೇಕು? ಇಲ್ಲಿ ಬೇಸಿಗೆಯಾದ ಜನವರಿಯ ಬಿಸಿಲಲ್ಲೂ ಅವಳ ಸ್ವೆಟರಿನ ತೋಳು ಬೆರಳ ತುದಿ ಬಿಟ್ಟು ಮೇಲೇರುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಅಷ್ಟೇ.

ಆಂಟಿ ಪುಡಿ ಮಾರುವ ಚಂದವನ್ನು ನೀವು ನೋಡಬೇಕಿತ್ತು. ಶನಿವಾರದ ಸಂತೆಯಲ್ಲಿ ಅವರದೊಂದು ಮೇಜು. ಗಿಗಿರಿಯ ವಿಶ್ವಸಂಸ್ಥೆ ಆಫೀಸಿನವರೊಬ್ಬರು ಬಂದು, ಇದು ಹೊಟ್ಟೆಯ ಹುಳುವಿಗೆ ಒಳ್ಳೆಯದಂತಲ್ಲ ಎಂದರು.

"ಹೊಟ್ಟೆಗೆ ಬೇಕಾದ್ರೆ ಡಾಕ್ಟ್ರ ಹತ್ರ ಹೋಗಿ. ಇದು ಬುಟ್ಟಿಗೆ."

ತಲೆಗೂದಲಿಗೆ ಹಚ್ಚಬಹುದೇ ಎಂದು ಇನ್ನೊಬ್ಬಾಕೆ ಕೇಳಿದರು.

"ನಿಮ್ಮ ತಲೆ ಬುಟ್ಟಿಯಾ?"

ಹೀಗೆ ಗಿರಾಕಿಗಳನ್ನೆಲ್ಲ ಓಡಿಸಿದ ಮೇಲೆ ಉಳಿಯುತ್ತಿದ್ದವರು ಕತ್ತಾಳೆ ನಾರಿನ ಬುಟ್ಟಿ ಹೆಣೆಯುವ ಇಲ್ಲಿನ ಹೆಂಗಸರು, ಎಲ್ಲರೂ ಕರೆಯುವಂತೆ ‘ಮಾಮಾ’ಗಳು, ಮಾತ್ರ. ಅವರು ಸ್ವಾಹಿಲಿಯಲ್ಲಿ ‘ಅಸಾಂಟೆ’ ಎಂದು ಧನ್ಯವಾದ ಹೇಳಿ ನಕ್ಕರೆ ಆಂಟಿ ಒಂದು ಹಿಡಿ ಹೆಚ್ಚೇ ಸುರಿಯುತ್ತಿದ್ದರು.

ಮಗಳ ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂತು. ಅವಳ ಡಾನ್ಸಿನ ಉಡುಪಿಗೆ ಗಿಡ್ಡ ತೋಳು. ಒಂದು ಬೆಳಿಗ್ಗೆ ನಾನು ಆಂಟಿಯ ಮನೆಗೆ ಹೋಗಿ ಮೆಲ್ಲಗೆ ಕೇಳಿದೆ. "ಆಂಟಿ, ಒಂಚೂರು ಪುಡಿ ಕೊಡ್ತೀರಾ? ಅವಳ ಕೈ ಮಚ್ಚೆಗೆ ಹಚ್ಚೋಣ ಅಂತ. ಎರಡು ದಿನಕ್ಕಷ್ಟೇ."

ಕಾಂಪೌಂಡಿಗೆಲ್ಲ ಪುಕ್ಕಟೆ ಹಂಚುವ ಆಂಟಿ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು.

"ಕೊಡುದಿಲ್ಲ. ಮಗುವಿನ ಚರ್ಮ ಉರೀತದೆ. ಮತ್ತೆ ಅವಳ ಕೈಗೆ ಎಂತ ಆಗಿದೆ ಮಾರಾಯ್ತಿ, ಬಣ್ಣ ಹಾಕ್ಲಿಕ್ಕೆ?"

ಏನಾಗಿದೆ ಎಂದು ಕೇಳುತ್ತಾರಲ್ಲ! ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಶನಿವಾರ. ಅಂಕಲ್ಲಿಗೆ ಮಂಡಿನೋವು, ಸಂತೆಗೆ ಜನ ಬೇಕು ಎಂದು ಆಂಟಿ ನನ್ನನ್ನು ಒಂದು ಮಾತೂ ಕೇಳದೆ ಮಗಳನ್ನು ಕರೆದುಕೊಂಡು ಹೋದರು. ಜಗಳವಾಡಲೆಂದೇ ನಾನು ಹಿಂದೆ ಹೋದೆ.

ಮೇಜಿನ ಹಿಂದೆ ಮಗಳು ಸ್ವೆಟರ್ ಬಿಚ್ಚಿಟ್ಟು, ಬಣ್ಣ ಹಾಕಿದ ನೂಲಿನ ಎಳೆಗಳನ್ನು ಗಿರಾಕಿಗಳಿಗೆ ಹಿಡಿದು ತೋರಿಸುತ್ತಿದ್ದಳು. ಹೆಂಗಸೊಬ್ಬರು ಆಂಟಿಯ ಕೈ ನೋಡಿ, ಅವಳ ಕೈ ನೋಡಿ, ಇದೂ ಆ ಪುಡಿಯಿಂದ ಆದದ್ದೇ ಎಂದು ಕೇಳಿದರು.

"ನೋ, ನೋ," ಎಂದಳು ಮಗಳು, ಕೈ ಇನ್ನಷ್ಟು ಮುಂದೆ ಚಾಚಿ ಇಂಗ್ಲಿಷಿನಲ್ಲಿ. "ಆಂಟಿಯದು ಎರಡು ವಾರದಲ್ಲಿ ಹೋಗುತ್ತೆ. ನನ್ನದು ನನ್ನ ಸ್ವಂತದ್ದು."

ಆಂಟಿ ತಲೆಯೆತ್ತಲೂ ಇಲ್ಲ, ಪುಡಿ ಅಳೆಯುತ್ತಲೇ ಇದ್ದರು. ನಾನು ಬಳಿ ಹೋಗಿ ನಿಂತೆ. ಎಷ್ಟೋ ಹೇಳಬೇಕೆಂದುಕೊಂಡವಳು "ಆಂಟಿ, ಥ್ಯಾಂಕ್ಸ್" ಎಂದಷ್ಟೇ ಹೇಳಿದೆ.

"ಅದೆಲ್ಲ ಆಮೇಲೆ. ಬಕೆಟಲ್ಲಿ ನಾರು ಉಂಟು, ಮೇಲೆ ಎತ್ತು."

ಗ್ಲೌಸ್ ಪಕ್ಕದಲ್ಲೇ ಇತ್ತು. ನಾನು ಬರಿಗೈಯನ್ನೇ ಬಣ್ಣಕ್ಕೆ ಇಳಿಸಿದೆ. ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನಲ್ಲಿ ಕೂತು, ಗಿಡ್ಡ ತೋಳಿನಲ್ಲೇ ಕುಣಿದ ಮಗಳಿಗೆ ಕಂದು ಕೈಗಳಿಂದಲೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.