ವಜ್ರಾಸ್ಥಿ ಬಸವಂತಪ್ಪನ ಹಿಮ್ಮಡಿ ಪರೀಕ್ಷೆ

ಮೊಣಕಾಲ ಚಿಪ್ಪುಗಳೇ ಪಂಚಾಂಗವಾಗಿ ಮಳೆಯ ಮುನ್ಸೂಚನೆ ಕೊಡುವ, ಕುಳಿತವರು ಏಳುವಾಗ ಆಸನವೂ ಆಸೀನರೂ ಒಂದೇ ಸ್ವರದಲ್ಲಿ ಕಿರುಗುಟ್ಟುವ ನಿವೃತ್ತಿಯುಗದಲ್ಲಿ, ಲೋಹಮಾರ್ಗಸಂಗಮವಾದ ಹುಬ್ಬಳ್ಳಿ ಪಟ್ಟಣದಲ್ಲಿ, ಹಸಿರು ಕೆಂಪು ಬಾವುಟಗಳೆರಡನ್ನೇ ಆಯುಧವಾಗಿ ಧರಿಸಿ ಮೂವತ್ತಾರು ವರ್ಷ ಗೂಡ್ಸ್ ಗಾಡಿಗಳ ಬಾಲ ಕಾಯ್ದವನೂ, ಒಂದು ಶೀಟಿಯಿಂದ ಐವತ್ತೆಂಟು ಡಬ್ಬಿಗಳನ್ನು ಅಲುಗಿಸಿದವನೂ, ಬೀಡಿಧೂಮಧೂಸರಶ್ಮಶ್ರುಶೋಭಿತನೂ ಆದ ಮಾಜಿ ಗಾರ್ಡ್ ಬಸವಂತಪ್ಪ ಗುಡಗೇರಿ ಎಂಬ ಎಪ್ಪತ್ತೊಂದರ ಮಹಾವೀರನಿದ್ದನು. ಹಾಲಿನಲ್ಲಿಯೂ ಎಳ್ಳಿನಲ್ಲಿಯೂ ನೆಲೆಸಿ, ಕರೆದರೆ ಬೇಗ ಬಾರದೆ, ಬಂದ ಮನೆಯಿಂದ ಹೇಳದೆ ಹೊರಟುಹೋಗುವ, ಕ್ಯಾಲ್ಸಿಯಂ ಎಂಬ ಸುಣ್ಣಸತ್ತ್ವದೇವಿಯೇ, ಕ್ಷಣಕಾಲ ಈ ನಾಲಗೆಯ ಮೇಲೆ ನಿಲ್ಲು. ಆ ವೀರನು ತನ್ನ ಎಡಗಾಲ ಹಿಮ್ಮಡಿಯನ್ನು ಪೆಟ್ಟಿಗೆಯೊಳಗಿಟ್ಟ ಭಾನುವಾರದ ಕಥೆ ಹೇಳಬೇಕಾಗಿದೆ.

ಅಂದು ರೈಲ್ವೆ ನಿವೃತ್ತರ ಸಂಘದ ಸಭಾಂಗಣದಲ್ಲಿ ಒಂದು ಆಸ್ಪತ್ರೆಯವರು ಶಿಬಿರ ನಡೆಸಿದ್ದರು. ‘ಐವತ್ತು ದಾಟಿದ ಮಹಿಳೆಯರಿಗೆ ಮೂಳೆ ಸವೆತದ ಉಚಿತ ತಪಾಸಣೆ’ ಎಂದು ಬಾಗಿಲಲ್ಲಿ ಬ್ಯಾನರ್ ಕಟ್ಟಿತ್ತು. ಪುರುಷಸಿಂಹರು ಅದನ್ನು ಓದಲಿಲ್ಲವೆಂದಲ್ಲ. ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು, ಆಮೇಲೆ ಮೊದಲ ಹದಿನಾಲ್ಕು ಚೀಟಿಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಮುಂದಿನ ಸಾಲಿನಲ್ಲಿ ವಿರಾಜಮಾನರಾದರು. ಬೆಳಿಗ್ಗೆಯಿಂದ ಐವತ್ತು ಜನರಿಗಾಗುವಷ್ಟು ಉಪ್ಪಿಟ್ಟು ಕಲಕಿದ್ದ ಮಹಿಳೆಯರು ಹಿಂದುಗಡೆ ಗೋಡೆಗೆ ಆತು ನಿಂತರು. ಬಸವಂತಪ್ಪನ ಹೆಂಡತಿ ನೀಲವ್ವನೂ ಅಲ್ಲಿದ್ದಳು. ಅವಳ ಚೀಟಿಯ ಸಂಖ್ಯೆ ಮೂವತ್ತೊಂದು.

ರಣರಂಗದ ನಟ್ಟನಡುವೆ, ಒಂದೇ ಕೈಯಲ್ಲಿ ಎತ್ತಿ ಒಯ್ಯಬಹುದಾದ ಬಿಳಿಯ ಪೆಟ್ಟಿಗೆಯೊಂದು ನೆಲದ ಮೇಲೆ ಕುಳಿತಿತ್ತು. ಅದರ ನಡುವೆ ಪಾದವಿಡಲು ಒಂದು ತಗ್ಗು. ಕಿವಿಗೆ ಕೇಳದ ಶಬ್ದವನ್ನು ಹಿಮ್ಮಡಿಯ ಈ ಬದಿಯಿಂದ ಆ ಬದಿಗೆ ಹಾಯಿಸಿ, ಅದು ದಾಟಿದ ಬಗೆಯಿಂದ ಮೂಳೆಯ ಗಟ್ಟಿತನವನ್ನು ಅಂದಾಜು ಮಾಡುವ ಯಂತ್ರವದು. ಅದರ ಪಕ್ಕದಲ್ಲಿ ಜುಬೇದಾ ಮುಲ್ಲಾ ಎಂಬ ಇಪ್ಪತ್ತಾರರ ತಂತ್ರಜ್ಞೆ, ಕೈಯಲ್ಲಿ ಜೆಲ್ ಬಾಟಲಿ ಹಿಡಿದು, ಈ ಶೂರಸಮೂಹವನ್ನು ನೋಡಿ ನಿಟ್ಟುಸಿರಿಟ್ಟಳು.

ಮೊದಲು ಮುನ್ನುಗ್ಗಿದವನು ಟಿಕೆಟ್‌ರಹಿತಪ್ರಯಾಣಿಕಭಯಂಕರನೆಂದು ಪ್ರಖ್ಯಾತನಾದ ಮಾಜಿ ಟಿ.ಸಿ. ವಾಸುದೇವರಾವ ಕಟ್ಟಿ. ಯಂತ್ರವು ಅವನಿಗೆ ಮೈನಸ್ ಸೊನ್ನೆ ಪಾಯಿಂಟ್ ಒಂಬತ್ತನ್ನು ದಯಪಾಲಿಸಿತು.

“ಮೈನಸ್ ಒಂದರ ಮ್ಯಾಲಿದ್ರ ಚಲೋ ರೀ. ಅದಕ್ಕಿಂತ ಕೆಳಗ ಇಳದಂಗ ಮುರಿಯೋ ಭಯ ಜಾಸ್ತಿ,” ಎಂದಳು ಜುಬೇದಾ.

ರಾಯನು ಎದ್ದು ನಿಂತು, ಪಂಚೆ ಸರಿಪಡಿಸಿಕೊಂಡು, ಬಸವಂತಪ್ಪನ ಕಡೆ ತಿರುಗಿದ. “ಏನಪಾ ಗಾರ್ಡ್ ಸಾಹೇಬ, ನಿಂದೂ ಒಂದೀಟು ಆಗಿಬಿಡ್ಲಿ. ಅಂಜಿಕಿ ಇದ್ರ ಬ್ಯಾಡ.”

ಅಂಜಿಕೆಯೆಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಬಸವಂತಪ್ಪನು ಕುರ್ಚಿಯ ಎರಡೂ ಕೈಗಳನ್ನು ಒತ್ತಿ, ಮೂರನೆಯ ಪ್ರಯತ್ನದಲ್ಲಿ ಎದ್ದು, ಸಿಂಹಗರ್ಜನೆಗೈದನು. “ರಾಯರ, ಇದು ಕಾಲಲ್ರೀ, ಹಳಿ. ಇದರ ಮ್ಯಾಲೆ ಮೂರು ಸಾವಿರ ಟನ್ ಅದಿರು ಹಾಯಿಸಿದ್ರೂ ಸಪ್ಪಳ ಆಗೂದಿಲ್ಲ. ಎಲುವು ಸವೆಯೂದು ಹೆಣ್ಮಕ್ಕಳಿಗೆ. ಗಂಡಸರ ಎಲುವಿಗೆ ಏನಾಗಬೇಕು? ಯವ್ವಾ ಜುಬೇದಾ, ನಿನ್ನ ಪೆಟಿಗಿ ಒಡದ್ರ ನನ್ನ ಕೇಳಬ್ಯಾಡ ನೋಡು.”

ಹಿಂದಿನ ಗೋಡೆಯಿಂದ ಯಾರೋ ಕೆಮ್ಮಿದರು. ನೀಲವ್ವನೇ ಇರಬೇಕು.

ಹೀಗೆಂದು ಆ ವಜ್ರಾಸ್ಥಿಯು ಪಾದರಕ್ಷೆಯನ್ನು ಕಳಚಿ, ಕಾಲುಚೀಲವನ್ನು ಕಿತ್ತೊಗೆದು, ಬಿರುಕುಗಳಿಂದ ಬೇಸಿಗೆಯ ಕೆರೆಯಂಗಳದಂತೆ ಕಾಣುತ್ತಿದ್ದ ಹಿಮ್ಮಡಿಯನ್ನು ಯಂತ್ರಗರ್ಭದೊಳಗೆ ಪ್ರವೇಶಗೊಳಿಸಿದನು. ಜೆಲ್ಲಿನ ತಣ್ಣನೆಯ ಸ್ಪರ್ಶಕ್ಕೆ ಅವನ ಭುಜಗಳು ಕಿವಿಯವರೆಗೆ ಏರಿದ್ದನ್ನು ಕಂಡವರು ಕಂಡರು. ಯಂತ್ರವು ಅರ್ಧ ನಿಮಿಷ ಲೆಕ್ಕ ಹಾಕಿತು.

“ಮೈನಸ್ ಎರಡು ಪಾಯಿಂಟ್ ಆರು,” ಎಂದಳು ಜುಬೇದಾ.

“ಇನ್ನೊಮ್ಮೆ ನೋಡು.”

ಇನ್ನೊಮ್ಮೆ ನೋಡಿದಳು. ಅದೇ ಬಂತು. ವೀರನು ಬಲಗಾಲನ್ನು ಕಣಕ್ಕಿಳಿಸಿದನು. ಮೈನಸ್ ಎರಡು ಪಾಯಿಂಟ್ ಏಳು. ಯಂತ್ರ ಸಮತಟ್ಟಾಗಿಲ್ಲವೆಂದು ಅದರಡಿಗೆ ದಿನಪತ್ರಿಕೆ ಮಡಿಸಿ ಇಡಿಸಿದನು; ಫ್ಯಾನಿನ ಗಾಳಿಗೆ ಶಬ್ದ ಹಾರಿಹೋಗುತ್ತಿದೆಯೆಂದು ಫ್ಯಾನು ನಿಲ್ಲಿಸಿದನು. ಸಭೆಯೆಲ್ಲ ಬೆವರಿತು, ಸಂಖ್ಯೆ ಮಾತ್ರ ಕದಲಲಿಲ್ಲ. ಬಾಟಲಿಯ ಜೆಲ್ ಅರ್ಧಕ್ಕಿಳಿಯಿತು. ಗೋಡೆಗೆ ಆತು ನಿಂತಿದ್ದವರಲ್ಲಿ ಇಬ್ಬರು, ಅಡುಗೆಗೆ ಹೊತ್ತಾಯಿತೆಂದು ಚೀಟಿಗಳನ್ನು ಅಲ್ಲೇ ಕಿಟಕಿಯಲ್ಲಿಟ್ಟು ಮನೆಗೆ ಹೋದರು.

“ಕಾಕಾ, ಇದು ಬರೇ ಜರಡಿ ಇದ್ದಂಗ ರೀ,” ಎಂದಳು ಜುಬೇದಾ, ದನಿ ಏರಿಸದೆ. “ಇದರಾಗ ಕಡಿಮಿ ಬಂದ್ರ ರೋಗ ಐತಿ ಅಂತಲ್ಲ. ದೊಡ್ಡ ಆಸ್ಪತ್ರ್ಯಾಗ ಸೊಂಟದ್ದು, ಬೆನ್ನಿಂದು ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೋಬೇಕು. ಅದಕ್ಕ ಮೊದಲ ನಾಕು ಪ್ರಶ್ನಿ ಕೇಳ್ತೀನಿ. ಬೀಡಿ ಸೇದತೀರಿ?”

“ಮೊದಲು ಸೇದತಿದ್ನಿ.”

“ಮೊದಲು ಅಂದ್ರ ಇವತ್ತ ಮುಂಜಾನೆ,” ಎಂದಳು ಹಿಂದಿನಿಂದ ನೀಲವ್ವ.

“ಐವತ್ತು ದಾಟಿದ ಮ್ಯಾಲೆ ಎಲುಬು ಎಲ್ಲೆರ ಮುರದಿತ್ತೇನ್ರಿ?”

ಸಭೆ ಒಮ್ಮೆಲೇ ಹುರುಪುಗೊಂಡಿತು. ಏಕೆಂದರೆ ಆ ಕಥೆ ಹುಬ್ಬಳ್ಳಿಯ ನಿವೃತ್ತಮಂಡಲದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮೂರು ವರ್ಷದ ಹಿಂದೆ ಒಂದನೇ ಪ್ಲಾಟ್‌ಫಾರ್ಮಿನಲ್ಲಿ, ಹಿಡಿತ ತಪ್ಪಿ ಉರುಳಿಬರುತ್ತಿದ್ದ ಪಾರ್ಸೆಲ್ ತಳ್ಳುಗಾಡಿಗೆ ಅಡ್ಡನಿಂತು, ಬಲಗೈಯೊಂದರಿಂದಲೇ ತಡೆದು, ಮಣಿಕಟ್ಟು ಮುರಿದುಕೊಂಡ ಮಹಾತ್ಮನಲ್ಲವೇ ಇವನು? ಸಂಘವು ಅದಕ್ಕಾಗಿ ಅವನಿಗೆ ಶಾಲು ಹೊದಿಸಿತ್ತು. ಹೊದಿಸಿದವನು ಕಟ್ಟಿ ರಾಯನೇ. ಈಗಲೂ ಅವನೇ ಆ ಪ್ರಸಂಗವನ್ನು ಜುಬೇದಾಳಿಗೆ ವಿಸ್ತಾರವಾಗಿ ಬಣ್ಣಿಸಿದನು.

ಜುಬೇದಾ ಪೆನ್ನು ಎತ್ತಿಕೊಂಡಳು. “ಹಂಗಿದ್ರ ಇದನ್ನ ಲೆಕ್ಕಕ್ಕ ಹಿಡಿಯೂದಿಲ್ರೀ. ಅಷ್ಟು ಜೋರ ಹೊಡತ ಬಿದ್ರ ಯಾರದರ ಕೈ ಮುರೀತೈತಿ. ಸುಮ್ನ ನಿಂತಲ್ಲೇ ಬಿದ್ದು ಮುರದಿದ್ರ ಮಾತು ಬ್ಯಾರೆ. ಆವಾಗ ತಡ ಮಾಡಬಾರದು. ಮುಂದಿನ ಸಲ ಸೊಂಟ ಮುರಿಯಬಹುದು. ಏನಂತ ಬರೀಲಿ ಕಾಕಾ?”

ಆಗ ಬಸವಂತಪ್ಪನ ಹೃದಯಕುರುಕ್ಷೇತ್ರದಲ್ಲಿ, ಇತ್ತ ಜರಿಯಂಚಿನ ಶಾಲೂ ಅತ್ತ ಸೊಂಟದ ಎಲುಬೂ ಎದುರುಬದುರಾಗಿ ನಿಂತವು. ಎದುರಿಗೆ ಹದಿಮೂರು ಗಂಡಸರ ಮುಖಗಳು. ಹಿಂದೆ ನೀಲವ್ವ, ಈ ಸಲ ಕೆಮ್ಮದೆ, ಅವನನ್ನೇ ನೋಡುತ್ತಿದ್ದಳು. ನಿಜ ಗೊತ್ತಿದ್ದವಳು ಅವಳೊಬ್ಬಳೇ. ಅವನಿಗೆ ಇದ್ದಕ್ಕಿದ್ದಂತೆ ಅಣ್ಣ ಈರಪ್ಪನ ನೆನಪಾಯಿತು. ಹೊಸ್ತಿಲು ಎಡವಿ ಬಿದ್ದು ಸೊಂಟ ಮುರಿದುಕೊಂಡ ಈರಪ್ಪ ಹನ್ನೊಂದು ತಿಂಗಳು ಹೊರಸಿನ ಮೇಲೆ ಮಲಗಿದ್ದ. ಮಗ್ಗುಲು ಬದಲಿಸಲೂ ಇಬ್ಬರು ಬೇಕಿತ್ತು. ಆ ಇಬ್ಬರಲ್ಲಿ ಒಬ್ಬ ಬಸವಂತಪ್ಪ. ಕೊನೆಯ ತಿಂಗಳು ಈರಪ್ಪ ತನ್ನನ್ನು ಎತ್ತುವವರ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ.

“ಪೈಜಾಮ,” ಎಂದನು ವೀರ.

“ಏನ್ರಿ?”

“ಪೈಜಾಮ ಹಾಕ್ಕೊಳಾಕ ಹೋಗಿದ್ನಿ. ಒಂದ ಕಾಲ ಮ್ಯಾಲೆ ನಿಂತು. ಬೆರಳು ಒಳಗ ಸಿಕ್ಕಾಕ್ಕೊಂತು. ಬಿದ್ನಿ.” ಇನ್ನೂ ತಗ್ಗಿದ ದನಿಯಲ್ಲಿ ಹೇಳಿದನು: “ಗಾಡಿ ಗೀಡಿ ಏನೂ ಇರಲಿಲ್ಲ.”

ಸಭಾಂಗಣದಲ್ಲಿ ಎಲ್ಲೋ ಒಂದು ಚಮಚ ಬಿದ್ದ ಸದ್ದಾಯಿತು. ಕಟ್ಟಿ ರಾಯನು ಬಾಯಿ ತೆರೆದನು. “ಹಂಗಾರ ಆ ಶಾಲು?”

“ಮನ್ಯಾಗ ಐತ್ರೀ ರಾಯರ. ಇಸ್ತ್ರಿ ಟೇಬಲ್ ಮ್ಯಾಲೆ ಹಾಸೇನಿ,” ಎಂದಳು ನೀಲವ್ವ.

ಜುಬೇದಾ ನಗಲಿಲ್ಲ. ‘ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿತ’ ಎಂದು ದುಂಡಗೆ ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಮಂಗಳವಾರಕ್ಕೆ ಸ್ಕ್ಯಾನಿನ ಚೀಟಿ ಹರಿದುಕೊಟ್ಟಳು. ಆಮೇಲೆ ಮುಂದಿನ ಸಾಲನ್ನು ನೋಡಿ, “ಇನ್ನ ಸಾಕು, ಎಲ್ಲಾರೂ ಹಿಂದ ಹೋಗ್ರಿ. ಹೆಂಗಸರು ಬರ್ರಿ. ಅವರದು ಮುಗಿದ ಮ್ಯಾಲೆ ಜೆಲ್ ಉಳದ್ರ ನೋಡೋಣು,” ಎಂದಳು. ಒಬ್ಬರೂ ವಾದಿಸಲಿಲ್ಲ. ತಮ್ಮ ತಮ್ಮ ಪರಾಕ್ರಮಗಳ ಬಗ್ಗೆ ಇನ್ನೊಂದು ಪ್ರಶ್ನೆ ಬಾರದಿರಲೆಂದೋ ಏನೋ, ಕುರ್ಚಿಗಳು ಬೇಗ ಖಾಲಿಯಾದವು. ಉಳಿದ ಮೂಳೆಗಳ ವಿಚಾರಣೆ ಮಧ್ಯಾಹ್ನದವರೆಗೆ ನಡೆಯಿತು. ನೀಲವ್ವನಿಗೆ ಮೈನಸ್ ಒಂದು ಪಾಯಿಂಟ್ ಎರಡು ಬಂತು. ಅವಳ ಚಪ್ಪಲಿಗಳನ್ನು ಬಸವಂತಪ್ಪ ಹಿಡಿದುಕೊಂಡು ನಿಂತಿದ್ದ.

ಮಂಗಳವಾರದ ದೊಡ್ಡ ಸ್ಕ್ಯಾನು ಸಣ್ಣ ಪೆಟ್ಟಿಗೆಯ ಮಾತನ್ನೇ ಎತ್ತಿಹಿಡಿಯಿತು. ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಬೀಡಿ ಬಿಡಿಸಿ, ವಾರಕ್ಕೊಂದರಂತೆ ಒಂದು ಬಿಳಿಯ ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಬಾಗಬಾರದು, ಏನೂ ತಿನ್ನಬಾರದು, ಚಹಾ ಕುಡಿಯಬಾರದು.

ಅಂದಿನಿಂದ ಪ್ರತಿ ಬುಧವಾರ ಪ್ರಾತಃಕಾಲದಲ್ಲಿ, ಮೂರು ಸಾವಿರ ಟನ್ ಅದಿರಿಗೆ ಅಪ್ಪಣೆ ಕೊಡುತ್ತಿದ್ದ ಆ ಗೂಡ್ಸ್‌ಗಾಡಿಸಾರ್ವಭೌಮನು ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿ, ತೊಡೆಗಳ ಮೇಲೆ ಕೈಯಿಟ್ಟು, ಗೋಡೆಯ ಗಡಿಯಾರವನ್ನು ಎವೆಯಿಕ್ಕದೆ ನೋಡುತ್ತ ಕೂಡುತ್ತಾನೆ. ಸರಿಯಾಗಿ ಆ ಹೊತ್ತಿಗೇ ಕಟ್ಟಿ ರಾಯನು ದಿನಪತ್ರಿಕೆ ಕೇಳುವ ನೆಪದಲ್ಲಿ ಬಂದು, ಎದುರಿನ ಕುರ್ಚಿಯಲ್ಲಿ ಕುಳಿತು, ನೀಲವ್ವ ಕೊಟ್ಟ ಶುಂಠಿ ಚಹಾವನ್ನು ಬಸಿಗೆ ಸುರಿದು, ಊದಿ, ದೀರ್ಘವಾಗಿ ಸೊರ್ರೆಂದು ಎಳೆಯುತ್ತಾನೆ.

“ಎಷ್ಟಾತು?” ಎಂದು ಬಸವಂತಪ್ಪ ಕೇಳುತ್ತಾನೆ.

“ಇನ್ನೂ ಹನ್ನೊಂದು ಮಿನಿಟ್ ಐತ್ರೀ. ಸುಮ್ನ ಕುಂದರ್ರಿ,” ಎನ್ನುತ್ತಾಳೆ ನೀಲವ್ವ ಅಡುಗೆಮನೆಯಿಂದ.

ಅವನು ಸುಮ್ಮನೆ ಕೂಡುತ್ತಾನೆ.