ಮಾವನ ಬಂದೂಕಿಗೆ ನಾನು ಮಾಡಿದ ಚಿಕಿತ್ಸೆ

ನಾನು ಕನ್ನಡಕದ ಅಂಗಡಿಯವನು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಬೀದಿಯ ಜನ ಜಗತ್ತನ್ನು ನೋಡುತ್ತಿರುವುದು ನಾನು ಉಜ್ಜಿ ಕೊಟ್ಟ ಗಾಜಿನ ಮೂಲಕ. ಬಸ್ಸಿನ ಬೋರ್ಡು ಓದಲಾರದವರು ಓದಿದ್ದಾರೆ, ಸೂಜಿಗೆ ದಾರ ಪೋಣಿಸಲಾರದವರು ಪೋಣಿಸಿದ್ದಾರೆ, ಒಬ್ಬರಂತೂ ಮದುವೆಯಾದ ಹನ್ನೊಂದನೆಯ ವರ್ಷದಲ್ಲಿ ಹೆಂಡತಿಯ ಕೆನ್ನೆಯ ಮಚ್ಚೆಯನ್ನು ಮೊದಲ ಸಲ ಕಂಡು ಬೆರಗಾಗಿದ್ದಾರೆ. ನನ್ನ ಕುರ್ಚಿಯಲ್ಲಿ ಕೂತವರಿಗೆಲ್ಲ ನಾನು ಹೇಳುವುದು ಒಂದೇ ಮಾತು: "ಕಣ್ಣು ಮಿಟುಕಿಸಬೇಡಿ." ಇಂಥವನಿಗೆ ಗುರಿ ತಪ್ಪುವ ಒಂದು ಬಂದೂಕನ್ನು ದಾರಿಗೆ ತರುವುದು ಯಾವ ಮಹಾ ಕೆಲಸ? ಬಂದೂಕಿನ ಮೇಲೆ ಕೂತಿರುವುದು ದುರ್ಬೀನು. ದುರ್ಬೀನಿನೊಳಗೆ ಇರುವುದು ಗಾಜು. ಗಾಜೆಂದರೆ ನಾನು!

ಬಂದೂಕು ನನ್ನ ಮಾವನದು. ಅವರು ನಮ್ಮ ಜೊತೆಯಲ್ಲೇ ಇದ್ದಾರೆ, ಮುಂದಿನ ಕೋಣೆಯಲ್ಲಿ. ಒಂದೊಂದು ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬಬೇಕಾದ ಹಳೆಯ ಬೇಟೆ ರೈಫಲ್ಲು ಅದು. ನಲವತ್ತು ವರ್ಷ ಅವರೂ ಅದೂ ಒಟ್ಟಿಗೆ ಕಾಡು ಸುತ್ತಿದವರು. ಹೋದ ಬೇಟೆಯ ಕಾಲದಲ್ಲಿ ನೂರು ಹೆಜ್ಜೆ ದೂರದಲ್ಲಿ ಅಡ್ಡಡ್ಡ ನಿಂತಿದ್ದ ಹಂದಿಗೆ ಮಾವ ಮೂರು ಈಡು ಹೊಡೆದರು. ಹಂದಿ ಮೂರನ್ನೂ ಕೇಳಿಸಿಕೊಂಡು ನಿಧಾನವಾಗಿ ನಡೆದು ಹೋಯಿತಂತೆ. ಜೊತೆಗಿದ್ದ ಗೆಳೆಯರು ಒಳ್ಳೆಯವರು. "ಬಂದೂಕಿಗೆ ವಯಸ್ಸಾಯ್ತು" ಎಂದರು. ಯಾರಿಗೆ ವಯಸ್ಸಾಯಿತು ಎಂಬುದನ್ನು ಮಾವ ಮನಸ್ಸಿನಲ್ಲೇ ತಿದ್ದಿಕೊಂಡು ಮನೆಗೆ ಬಂದರು.

ಒಂದು ಬೆಳಿಗ್ಗೆ ಕನ್ನಡಕವನ್ನು ಹಣೆಗೇರಿಸಿಕೊಂಡು ಪತ್ರಿಕೆ ಓದುತ್ತಿದ್ದವರು ತಲೆ ಎತ್ತದೆ ಹೇಳಿದರು: ಬಂದೂಕಿನ ಅಂಗಡಿಯವನಿಗೆ ಮಾತು ಕೊಟ್ಟಾಗಿದೆ, ಮುಂದಿನ ವಾರ ಬಿಟ್ಟು ಅದರಾಚೆಯ ಸೋಮವಾರ ಬಂದು ಒಯ್ಯುತ್ತಾನೆ. ಹೇಳಿ ಪುಟ ಮಗುಚಿದರು. ಆದರೆ ಮುಂದಿನ ಪುಟವನ್ನು ಅವರು ಓದುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾವ, ದೋಷ ಬಂದೂಕಿನದೇ. ಹದಿನೈದು ದಿನ ಕೊಡಿ, ಕಂಡುಹಿಡಿದು ಕೊಡ್ತೀನಿ."

ಒಲೆಯ ಮುಂದಿದ್ದ ನನ್ನ ಹೆಂಡತಿ ಒಮ್ಮೆ ತಿರುಗಿ ನೋಡಿದಳು. ಕಳೆದ ಸಲ ನಾನು ಹೀಗೆಯೇ ಹದಿನೈದು ದಿನ ತೆಗೆದುಕೊಂಡಿದ್ದ ಬಟ್ಟೆ ಒಗೆಯುವ ಯಂತ್ರದ ಮೇಲೆ ಈಗ ಹೂಕುಂಡ ಇದೆ.

ಮೊದಲ ಚಿಕಿತ್ಸೆ ಹೊಟ್ಟೆ ತೊಳೆಯುವುದು. ಉದ್ದ ಸರಳಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ತೂರಿಸಿದೆ. ಹಸಿರು ಕಿಲುಬು ಹತ್ತಿಕೊಂಡು ಬಂತು. ಕೊಲಂಬಸನಿಗೂ ದಡ ಕಂಡಾಗ ಅಷ್ಟು ಸಂತೋಷ ಆಗಿರಲಾರದು. ಕಿಲುಬು ಬರುತ್ತಲೇ ಇತ್ತು, ನಾನು ಬಟ್ಟೆ ಹರಿಯುತ್ತಲೇ ಇದ್ದೆ. ಹಳೆಯ ದಿಂಬಿನ ಹೊದಿಕೆ ಎಂದು ನಾನು ತಿಳಿದದ್ದು ಹಳೆಯದಾಗಿರಲಿಲ್ಲ ಎಂದು ಆ ಸಂಜೆ ತಿಳಿಯಿತು. ಅದರ ಕೊನೆಯ ತುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತು. ಒಂದು ಕಡೆ ನಾನು, ಇನ್ನೊಂದು ಕಡೆ ಹೆಂಡತಿ ಹಿಡಿದು ಎಳೆದೆವು. ಸರಳು ಫಟ್ಟನೆ ಬಿಡಿಸಿಕೊಂಡಾಗ ನಾನು ಪಾತ್ರೆಗಳ ಕಪಾಟಿನಲ್ಲಿ ಕೂತಿದ್ದೆ.

ಎರಡನೆಯದು ಸ್ಕ್ರೂಗಳು. ದುರ್ಬೀನನ್ನು ಹಿಡಿದಿಟ್ಟ ನಾಲ್ಕರಲ್ಲಿ ಒಂದು, ನಿಜವಾಗಿಯೂ, ಕಾಲು ಸುತ್ತು ಸಡಿಲವಾಗಿತ್ತು. ಓಡಿ ಹೋಗಿ ಮಾವನಿಗೆ ಹೇಳಿದೆ.

"ಸಡಿಲವಾಗಿತ್ತಾ?" ಎಂದರು. ಆ ಮುಖ ಒಂದು ವರ್ಷದಲ್ಲಿ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ಅಂದ್ರೆ ಬಂದೂಕಿಂದೇ ಅನ್ನಿ."

"ಬಂದೂಕಿಂದೇ ಮಾವ."

ಆ ರಾತ್ರಿ ಅವರು ಊಟಕ್ಕೆ ಎರಡನೆಯ ಸಲ ಬಡಿಸಿಕೊಂಡರು. ಆಗಲೇ ನನಗೆ ಹೊಳೆದದ್ದು, ನಾನು ರಿಪೇರಿ ಮಾಡಲು ಹೊರಟಿರುವುದು ಬಂದೂಕನ್ನಲ್ಲ ಎಂದು. ಬಂದೂಕಿನಲ್ಲಿ ದೋಷ ಇರಲೇಬೇಕಿತ್ತು. ಇಲ್ಲದಿದ್ದರೆ ದೋಷ ಅವರಲ್ಲಿದೆ.

ಶನಿವಾರ ಗುಂಡು ಹಾರಿಸುವ ಮೈದಾನಕ್ಕೆ ಹೋದೆವು. ಮನೆಯ ಮೂವರ ಹೆಸರೂ ಪರವಾನಗಿಯಲ್ಲಿದೆ; ನನ್ನದು ಹೊಸದಾಗಿ ಸೇರಿದ್ದು. ಮರಳಿನ ಚೀಲದ ಮೇಲೆ ಬಂದೂಕನ್ನಿಟ್ಟು ಐದು ಈಡು ಹೊಡೆದೆ. ಗುರಿಯ ಕಾಗದದಲ್ಲಿ ಐದು ತೂತುಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದೊಂದು ಮೂಲೆ ಹಿಡಿದಿದ್ದವು. ಒಂದು ಈಡು ಎಡಕ್ಕೆ ಹೋದರೆ ದುರ್ಬೀನಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದೆ. ಮುಂದಿನದು ಮೇಲಕ್ಕೆ ಹೋದರೆ ಕೆಳಕ್ಕೆ. ಗುಂಡುಗಳು ಮುಂದೆ, ನಾನು ಹಿಂದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದವನ ಕಾಗದದಲ್ಲಿ ಒಂದು ತೂತು ಹೆಚ್ಚಾಗಿತ್ತು.

"ಒಂದು ಈಡಿಗೆ ಒಂದು ಸಲ ತಿರುಗಿಸ್ತಾರಾ?" ಎಂದಳು ಹೆಂಡತಿ. ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಒಂದೇ ಪರೀಕ್ಷೆಯನ್ನು ಮೂರು ಸಲ ಮಾಡದೆ ಏನನ್ನೂ ನಂಬುವವಳಲ್ಲ. "ಮನೇಲೂ ಇದೇ ಆಯ್ತು. ಒಂದು ದಿನ ಉಪ್ಪು ಜಾಸ್ತಿ ಆದ್ರೆ, ಆಮೇಲೆ ವಾರವಿಡೀ ಸಪ್ಪೆ ತಿನ್ನೋ ಮನುಷ್ಯ ನೀವು."

ಮೂರನೆಯ ಚಿಕಿತ್ಸೆ ಭಾನುವಾರದ್ದು. ನಳಿಗೆ ಕೆಳಗಿನ ಮರಕ್ಕೆ ತಾಗಬಾರದು, ನಡುವೆ ಒಂದು ಹಾಳೆ ಸಲೀಸಾಗಿ ತೂರಬೇಕು ಎಂದು ಮೈದಾನದ ಮೇಲ್ವಿಚಾರಕ ಹೇಳಿದ್ದ. ನಮ್ಮ ಅಂಗಡಿಯ ಚೀಟಿಯೊಂದನ್ನು ತೂರಿಸಿದೆ. ಅರ್ಧ ದಾರಿಯಲ್ಲಿ ನಿಂತಿತು. ಇಗೋ ಸಿಕ್ಕಿತು ಕಳ್ಳ! ಊಟದ ಮೇಜಿನ ಮೇಲೆ ಬಂದೂಕು ಬಿಚ್ಚಿ ಉಪ್ಪುಕಾಗದದಿಂದ ಮರ ಉಜ್ಜಿದೆ. ಗಾಜು ಉಜ್ಜಿ ಪಳಗಿದ ಕೈ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಸಂಜೆಗೆ ಚೀಟಿಯೇನು, ಚೀಟಿಪುಸ್ತಕವೇ ಆ ಸಂದಿನಲ್ಲಿ ಓಡಾಡುತ್ತಿತ್ತು. ಮರದ ಪುಡಿ ಸಕ್ಕರೆ ಡಬ್ಬಿಗೂ ಸೇರಿತ್ತು. ಮಾವ ಮಾತ್ರ ಚಹಾ ಕುಡಿದು, "ಚೆನ್ನಾಗಿದೆ" ಎಂದರು. ಅಳಿಯ ಕೊಟ್ಟ ಯಾವುದನ್ನೂ ಅವರು ಚೆನ್ನಾಗಿಲ್ಲ ಎಂದದ್ದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ಆ ವಾರವೆಲ್ಲ ನಾನು ಮೂರು ಬಗೆಯ ತೋಟಾ ತಂದೆ, ಮರಳಿನ ಚೀಲ ಬದಲಾಯಿಸಿದೆ, ಎಲ್ಲ ಸ್ಕ್ರೂಗಳನ್ನೂ ಇನ್ನಷ್ಟು ಬಿಗಿದೆ. ಶುಕ್ರವಾರ ಹೆಂಡತಿ ನನ್ನ ಕೈಯಿಂದ ಸ್ಕ್ರೂ ಡ್ರೈವರನ್ನು ಮೆಲ್ಲಗೆ ಬಿಡಿಸಿಕೊಂಡಳು. ಒಂದೇ ಸಲ ಐದು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಯಾವ ದೇವರಿಗೂ ತಿಳಿಯುವುದಿಲ್ಲ ಎಂದಳು. ಎಲ್ಲವನ್ನೂ ಒಂದೊಂದಾಗಿ ನೋಡಿ, ಹದವಾಗಿ ಬಿಗಿದು, ಬಂದೂಕನ್ನು ಚೀಲದಲ್ಲಿಟ್ಟಳು. ಹದಿನಾರರ ಹುಡುಗಿಯಾಗಿದ್ದಾಗ ಅವಳಿಗೆ ಇದೇ ಬಂದೂಕಿನಲ್ಲಿ ಗುಂಡು ಹೊಡೆಯಲು ಅವಳಪ್ಪ ಕಲಿಸಿದ್ದರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕೇಳದೆ ಇದ್ದೆ, ಅಷ್ಟೆ.

ಶನಿವಾರ ಮತ್ತೆ ಮೂವರೂ ಮೈದಾನಕ್ಕೆ. ಈ ಸಲ ತೋಟಾ ನಾನು ತುಂಬುತ್ತೇನೆ, ನೀವು ಆ ಕಡೆ ನೋಡಿ ಎಂದಳು ಹೆಂಡತಿ. ಮೊದಲ ಈಡು ಢಂ ಎಂದಿತು. ಎರಡನೆಯದಕ್ಕೆ ಉಸಿರು ಹಿಡಿದೆ, ಗುರಿ ನೋಡಿದೆ, ಟ್ರಿಗರ್ ಎಳೆದೆ.

"ಸ್ವಲ್ಪ ಎಡಕ್ಕೆ ಹೋಯ್ತು ಅನ್ಸುತ್ತೆ" ಎಂದೆ.

ಮೇಲ್ವಿಚಾರಕ ಬೇರೆ ಕಡೆ ತಿರುಗಿ ಕೆಮ್ಮಿದ.

"ಅದರಲ್ಲಿ ಗುಂಡೇ ಇರ್ಲಿಲ್ಲ ರೀ," ಎಂದಳು ಹೆಂಡತಿ. "ಹಾರಿಸಿದ ಖಾಲಿ ತೋಟಾ ಹಾಕಿದ್ದೆ. ಟಕ್ ಅಂದಿದ್ದಷ್ಟೆ. ಆದ್ರೆ ನಳಿಗೆ ಕಾಳು ಹೆಕ್ಕೋ ಕೋಳಿ ಥರ ಕೆಳಗೆ ಬಗ್ಗಿತು, ನೀವು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಕೊಂಡಿದ್ರಿ."

ಎರಡು ವಾರಗಳಿಂದ ನಾನು ಚಿಕಿತ್ಸೆ ಮಾಡುತ್ತಿದ್ದದ್ದು ನನ್ನದೇ ಭಯಕ್ಕೆ. ಸದ್ದು ಬರುವ ಮುಂಚೆಯೇ ಸದ್ದಿಗೆ ಹೆದರಿ ಕಣ್ಣು ಮುಚ್ಚುವವನು, ದಿನವಿಡೀ ಊರಿಗೆಲ್ಲ ಮಿಟುಕಿಸಬೇಡಿ ಎನ್ನುವ ನಾನು.

ಅವಳು ಕೂತಳು. ಆತುರವಿಲ್ಲದೆ ಐದು ಈಡು. ಐದು ತೂತುಗಳೂ ಒಂದು ಬಿಸ್ಕತ್ತಿನಡಿ ಮುಚ್ಚುವಷ್ಟು ಒತ್ತಾಗಿ, ಆದರೆ ಬಲಮೂಲೆಯಲ್ಲಿ ಕೂತಿದ್ದವು. ಗುಂಡಿ ತಿರುಗಿಸಿದ ಪುಣ್ಯಾತ್ಮ ನಾನೇ. ಅವಳು ಒಂದೇ ಒಂದು ಸಲ ಸರಿಪಡಿಸಿ ಮೂರು ಹೊಡೆದಳು. ಮೂರೂ ನಟ್ಟನಡುವೆ.

ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದವನು ಮಾವನ ಮುಖ ನೋಡಿ ಇಳಿಸಿದೆ. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಮಗಳ ಬೆನ್ನು ಸವರಿದರು. ಆಮೇಲೆ ಕಾಗದವನ್ನು ನಾಲ್ಕಾಗಿ ಮಡಿಸಿದರು.

"ಬಂದೂಕು ಸರಿಯಾಗಿದೆ," ಎಂದರು. "ಸೋಮವಾರ ಅವ್ನು ಬಂದ್ರೆ ಕೊಟ್ಬಿಡಿ."

ಗಾಳಿ ಇವತ್ತು ಕಡಿಮೆ ಇದೆ ಎಂದೇನೋ ನಾನು ತೊದಲಿದೆ. ಮಾತು ನನ್ನ ಈಡುಗಳ ಹಾಗೆಯೇ ಎಲ್ಲೋ ಹೋಗಿ ಬಿತ್ತು.

ಹೆಂಡತಿ ಬಿಡಲಿಲ್ಲ. ಅಪ್ಪನನ್ನು ಕೈ ಹಿಡಿದು ಕೂರಿಸಿದಳು. ಅವರು ಮೂರು ಹೊಡೆದರು. ಕೈ ಕಲ್ಲಿನಂತಿತ್ತು, ರೆಪ್ಪೆ ಅಲುಗಲಿಲ್ಲ. ಆದರೆ ಗುಂಡುಗಳು ದೂರ ದೂರ ಬಿದ್ದವು.

"ಅಪ್ಪ, ದುರ್ಬೀನಲ್ಲಿ ಏನು ಕಾಣುತ್ತೆ?"

"ಗುರಿ ಹಿಡಿಯೋ ಗೆರೆಗಳು. ಎಲ್ಲಾ ಎರಡೆರಡು. ಯಾವುದೋ ಒಂದನ್ನ ಆರಿಸ್ಕೊಂಡು ಹೊಡೀತೀನಿ."

"ಯಾವಾಗಿಂದ?"

"ಹೋದ ವರ್ಷದಿಂದ. ವಯಸ್ಸಲ್ವಾ ಮಗಳೇ."

ಅವಳು ಅವರ ಕನ್ನಡಕ ತೆಗೆದಳು. ದುರ್ಬೀನಿನಲ್ಲಿ ಕಣ್ಣಿಡುವ ಕಡೆ ನೋಟ ಹೊಂದಿಸುವ ಬಳೆಯನ್ನು ತಿರುಗಿಸಲು ಹೇಳಿದಳು. ಮಾವ ತಿರುಗಿಸುತ್ತ ತಿರುಗಿಸುತ್ತ ಒಮ್ಮೆಲೇ ನಿಂತರು. "ಒಂದೇ," ಎಂದರು, ಬಹಳ ಮೆಲ್ಲಗೆ. "ಒಂದೇ ಗೆರೆ." ಮೂರು ಈಡು ಹೊಡೆದರು. ಮಗಳಷ್ಟು ಒತ್ತಾಗಿರಲಿಲ್ಲ, ಒಂದು ಚಹಾ ತಟ್ಟೆ ಬೇಕಾಗುತ್ತಿತ್ತು. ಈಗಾದರೆ ಆ ಹಂದಿ ಅಷ್ಟು ನಿಧಾನವಾಗಿ ನಡೆದು ಹೋಗುತ್ತಿರಲಿಲ್ಲ.

ಈಗ ಎಲ್ಲರೂ ಅವಳ ಕೈಯಲ್ಲಿದ್ದ ಕನ್ನಡಕ ನೋಡಿದರು. ಆಮೇಲೆ ನನ್ನನ್ನು. ಹೋದ ವರ್ಷ ಮಾವನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಮಖಮಲ್ಲಿನ ಡಬ್ಬಿಯಲ್ಲಿಟ್ಟು, ಸಣ್ಣ ಭಾಷಣ ಮಾಡಿ ನಾನೇ ಉಡುಗೊರೆ ಕೊಟ್ಟದ್ದು. ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದು ಕ್ಷಣ ಸಾಕಾಯಿತು. ದುಂಡು ಫ್ರೇಮು, ಯಾವ ಗಾಜು ಯಾವ ಕಡೆಗಾದರೂ ಕೂರುತ್ತದೆ. ಬಲಗಣ್ಣಿನ ಗಾಜನ್ನು ಎಡಕ್ಕೂ ಎಡಗಣ್ಣಿನದನ್ನು ಬಲಕ್ಕೂ ಕೂರಿಸಿದ್ದೆ.

"ಒಂದು ವರ್ಷ! ಹೇಳ್ಬಾರದಿತ್ತಾ ಮಾವ?"

"ಅಳಿಯಂದಿರು ಪ್ರೀತಿಯಿಂದ ಕೊಟ್ಟದ್ದು," ಎಂದರು ಮಾವ. "ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು? ಬಂದೂಕು ಕೊಟ್ಬಿಡೋದು ಅದಕ್ಕಿಂತ ಸುಲಭ ಅನ್ನಿಸ್ತು."

ಸೋಮವಾರ ಬಂದೂಕು ಅಂಗಡಿಗೆ ಹೋಗಲಿಲ್ಲ. ನನ್ನ ಅಂಗಡಿಗೆ ಕನ್ನಡಕ ಹೋಯಿತು, ಅದರ ಹಿಂದೆಯೇ ಮಾವ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದವನ್ನು ಆನಿಸಿ, ದೀಪ ಹಚ್ಚಿ, ಇಪ್ಪತ್ತೆರಡು ವರ್ಷಗಳ ಅಭ್ಯಾಸಬಲದಿಂದ ಹೇಳಿಬಿಟ್ಟೆ: "ಕಣ್ಣು ಮಿಟುಕಿಸಬೇಡಿ."

"ನಾನು ಮಿಟುಕಿಸೋಲ್ಲ ಅಳಿಯಂದಿರೇ," ಎಂದರು ಮಾವ. "ನೀವು?"